ಗೂಳಿ ಗುಡ್ಡಕ್ಕೆ ಬಂಡಿಯ ದಾರಿ

ಪಾಮನಕಲ್ಲೂರಿನ ಆಚೆ, ಡಾಂಬರು ಮುಗಿದು ಮಣ್ಣಿನ ದಾರಿ ಶುರುವಾಗುವ ಕಡೆ ಒಂದು ಗುಡ್ಡವಿದೆ. ಅದರ ನಡುಮಟ್ಟದಲ್ಲಿ ದೊಡ್ಡದೊಂದು ಬಂಡೆ ಮನೆಯ ಸೂರಿನಂತೆ ಮುಂದಕ್ಕೆ ಚಾಚಿಕೊಂಡಿದೆ. ಆ ಸೂರಿನ ಕೆಳಗೆ, ಕಲ್ಲಿನ ಮೈಮೇಲೆ, ಸಾವಿರಾರು ವರ್ಷಗಳ ಹಿಂದೆ ಇಲ್ಲಿ ದನ ಸಾಕಿಕೊಂಡಿದ್ದ ಜನ ಕೆಂಪು ಬಣ್ಣದಲ್ಲಿ ಗೂಳಿಗಳ ಚಿತ್ರ ಬರೆದಿದ್ದಾರೆ. ನಾನು ಸಿಂಧನೂರಿನ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಪಾಠದಲ್ಲಿ ಶಿಲಾಯುಗ ಬಂದಾಗಲೆಲ್ಲ ಈ ಗೂಳಿಗಳ ಮಾತು ತೆಗೆಯುತ್ತಿದ್ದೆ. ಒಂದು ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು ಕೇಳಿದಳು.

"ಟೀಚರ್, ನೀವು ನೋಡೀರೇನ್ರಿ?"

"ಇಲ್ಲ," ಅಂದೆ.

ಅವಳು ಕೆಟ್ಟ ಮನಸ್ಸಿನಿಂದ ಕೇಳಿರಲಿಲ್ಲ. ಆದರೆ ಅವಳ ಕಣ್ಣು ಒಮ್ಮೆ ನನ್ನ ಕಾಲಿನ ಕಡೆ ಹೋಗಿ, ಗಡಬಡಿಸಿ ವಾಪಸ್ ಬಂತು. ನನಗೆ ನಡೆಯಲು ಬರುವ ಮೊದಲೇ ಪೋಲಿಯೊ ಬಂದಿತ್ತು. ಎಡಗಾಲಿಗೆ ಕಬ್ಬಿಣದ ಪಟ್ಟಿಯ ಕ್ಯಾಲಿಪರ್, ಕಂಕುಳಲ್ಲಿ ಎರಡು ಊರುಗೋಲು. ಇವುಗಳ ಜೊತೆಗೇ ಓದಿದ್ದೇನೆ, ನೌಕರಿ ಹಿಡಿದಿದ್ದೇನೆ, ಬಸ್ಸು ಹತ್ತಿ ಇಳಿದಿದ್ದೇನೆ. ಸಣ್ಣವಳಿದ್ದಾಗ ಅಪ್ಪ ನನ್ನನ್ನು ಬೆನ್ನಮೇಲೆ ಹೊತ್ತು ಮಸ್ಕಿಯ ಶಿಲಾಶಾಸನ ತೋರಿಸಿದ್ದರು. ಬುದ್ಧನನ್ನು ನಂಬಿದ ಮನೆ ನಮ್ಮದು, ಬುದ್ಧನ ದಾರಿ ಹಿಡಿದ ರಾಜ ಕೆತ್ತಿಸಿದ ಆ ಶಾಸನವನ್ನು ಮಕ್ಕಳು ನೋಡಲೇಬೇಕು ಎಂಬುದು ಅವರ ಹಟ. ಗೂಳಿ ಗುಡ್ಡಕ್ಕೆ ಮಾತ್ರ ಯಾರೂ ನನ್ನನ್ನು ಕರೆದಿರಲಿಲ್ಲ. ಅವತ್ತು ಸ್ಟಾಫ್ ರೂಮಿಗೆ ಬರುವಷ್ಟರಲ್ಲಿ ನಾನು ತೀರ್ಮಾನ ಮಾಡಿಯಾಗಿತ್ತು.

ನನ್ನ ಅಕ್ಕನನ್ನು ಕೊಟ್ಟಿದ್ದು ಪಾಮನಕಲ್ಲೂರಿಗೆ. ತೊಗರಿ, ಸಜ್ಜೆ ಬೆಳೆಯುವ ಮಳೆ ನಂಬಿದ ಹೊಲ, ಒಂದು ಜೋಡಿ ಎತ್ತು. ಮೊದಲು ಆಡುಗಳೂ ಇದ್ದವು. ಮದುವೆಯಾಗಿ ಹೋದ ಹೊಸದರಲ್ಲಿ ಅಕ್ಕ ಅವನ್ನು ಹೊಡೆದುಕೊಂಡು ದಿನಾ ಇದೇ ಗುಡ್ಡಕ್ಕೆ ಹೋಗುತ್ತಿದ್ದಳು. ಆಮೇಲೆ ಗುಡ್ಡವನ್ನು ಸಂರಕ್ಷಿತ ಜಾಗ ಎಂದು ಸಾರಿ ಬೇಲಿ ಹಾಕಿದರು. ಕರಡಿ, ತೋಳ ಇರುವ ಜಾಗ, ಹಳೆಯ ಚಿತ್ರಗಳಿರುವ ಜಾಗ. ಇನ್ನು ದನಕರು ಬಿಡುವಂತಿಲ್ಲ, ನೋಡಲು ಬರುವವರು ಹೆಸರು ಹೇಳಿ ಪರವಾನಗಿ ತೆಗೆದುಕೊಂಡು ನಡೆದೇ ಹೋಗಬೇಕು ಎಂದಾಯಿತು. ಅಕ್ಕ ಆಡುಗಳನ್ನು ಮಾರಿದಳು. ಅಂದಿನಿಂದ ಆ ಕಡೆ ಮುಖ ಹಾಕಿರಲಿಲ್ಲ.

ದಸರೆ ರಜೆಯಲ್ಲಿ ಅವಳ ಮನೆಗೆ ಹೋಗಿ ವಿಷಯ ಹೇಳಿದೆ.

"ಹೋಗಬೇಕಂದ್ರ ನೀ ಹೋಗು," ಅಂದಳು ಅಕ್ಕ, ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ. "ನಾ ಓಡ್ಯಾಡಿದ ಗುಡ್ಡಕ್ಕ ಮಂದಿನ ಕೇಳಿ ಹೋಗಾಕಿ ಅಲ್ಲ ನಾ."

ಊರಿನ ಆಟೋ ಮಾಡಿಕೊಂಡು ಒಬ್ಬಳೇ ಹೋದೆ. ಬೇಲಿಯ ಹತ್ತಿರ ಎರಡು ಬಾಗಿಲುಗಳಿದ್ದವು. ಒಂದು ಅರಣ್ಯ ಇಲಾಖೆಯ ಜೀಪಿಗಾಗಿ ಮಾಡಿದ ದೊಡ್ಡ ಕಬ್ಬಿಣದ ಗೇಟು, ಅದಕ್ಕೆ ಬೀಗ, ಮೇಲೆ ಸೂಚನೆಗಳ ಬೋರ್ಡು. ಪಕ್ಕದಲ್ಲಿ ಜನ ಹೋಗುವ ಸಂದು. ದನ ನುಗ್ಗಬಾರದೆಂದು ಅಲ್ಲಿ ಕಲ್ಲಿನ ಕಂಬಗಳನ್ನು ಅಡ್ಡಾದಿಡ್ಡಿ ನೆಟ್ಟಿದ್ದರು. ಮೈ ಓರೆ ಮಾಡಿ, ಒಂದು ಹೆಜ್ಜೆ ಆಚೆ ಒಂದು ಹೆಜ್ಜೆ ಈಚೆ ಇಟ್ಟು ದಾಟಬೇಕು. ನಾನು ಓರೆಯಾದರೆ ಊರುಗೋಲು ಹೊರಗೆ ಉಳಿಯುತ್ತದೆ. ಊರುಗೋಲು ಒಳಗೆ ಇಟ್ಟರೆ ನಾನು ಹೊರಗೆ ಉಳಿಯುತ್ತೇನೆ. ಕಾವಲಿನವನು ಪಕ್ಕದ ಊರಿನವನೇ, ಒಳ್ಳೆಯ ಮನುಷ್ಯ. ನನ್ನ ಪರದಾಟ ನೋಡಲಾರದೆ ಓಡಿ ಬಂದ.

"ಮೇಡಂ, ಸಿಟ್ಟಾಗಬ್ಯಾಡ್ರಿ, ನಾ ಎತ್ತಿ ಆ ಕಡೆ ಇಡ್ತೀನ್ರಿ."

"ಬ್ಯಾಡಣ್ಣ. ಎತ್ತಿ ಇಡಾಕ ನಾ ಸಾಮಾನಲ್ಲ."

"ಹಂಗಲ್ರಿ ಮೇಡಂ… ಇಲ್ಲಿ ದಾಟಿದ್ರೂ ಗುಡ್ಡದ ಬುಡಕ್ಕ ಮುಟ್ಟಾಕ ಭಾಳ ದೂರ ಐತ್ರಿ. ದಾರಿ ತುಂಬ ಕಲ್ಲು. ಗಾಡಿ ಬಿಡಂಗಿಲ್ಲ ಅಂತ ಹುಕುಂ ಐತಿ."

ಕಂಬಕ್ಕೆ ಒರಗಿ ನಿಂತು ಗುಡ್ಡ ನೋಡಿದೆ. ಆ ಸೂರಿನಂಥ ಬಂಡೆ ಅಲ್ಲಿಂದಲೇ ಕಾಣುತ್ತಿತ್ತು. ಇಷ್ಟು ಹತ್ತಿರ ಬಂದು ಹಿಂದಕ್ಕೆ ಹೋಗುವುದು ನನಗೆ ಹೊಸದಲ್ಲ. ಎಷ್ಟೋ ಕಚೇರಿಗಳ ಮೆಟ್ಟಿಲ ಕೆಳಗಿನಿಂದ ವಾಪಸ್ಸಾಗಿದ್ದೇನೆ. ಆದರೆ ಅವತ್ತು ಆಟೋ ತಿರುಗಿಸುವಾಗ, ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂದು ಕೇಳಿಕೊಂಡೇ ಹೊರಟೆ.

ಬೀಗದ ಕೈ ಇದ್ದದ್ದು ಲಿಂಗಸುಗೂರಿನಲ್ಲಿ ಕೂರುವ ಅಧಿಕಾರಿಯ ಹತ್ತಿರ. ಸಿಂಧನೂರಿನಿಂದ ಎರಡು ಸಲ ಬಸ್ಸಿನಲ್ಲಿ ಹೋದೆ, ಎರಡು ಸಲವೂ ಸಾಹೇಬರು ಫೀಲ್ಡಿಗೆ ಹೋಗಿದ್ದಾರೆ ಅಂದರು. ಮತ್ತೆ ಹೋದೆ. ಸಾಹೇಬರು ಅಂದರೆ ಯಾರೋ ಮೀಸೆಯವರು ಎಂದುಕೊಂಡಿದ್ದೆ, ಒಳಗೆ ಕುಳಿತಿದ್ದವಳು ನನಗಿಂತ ಸಣ್ಣ ವಯಸ್ಸಿನ ಹೆಣ್ಣುಮಗಳು. ಮೈಸೂರು ಕಡೆಯ ಮಾತು. ಎದ್ದು ಬಂದು ಕುರ್ಚಿ ಸರಿಸಿ ಕೂರಿಸಿದಳು. ಎಲ್ಲವನ್ನೂ ಕೇಳಿದಳು. ಕೇಳಿ, ಇಲ್ಲ ಅಂದಳು.

"ನಿಮಗೆ ಒಂದು ಗಾಡಿ ಬಿಟ್ಟರೆ ಭಾನುವಾರ ಗೇಟಿನ ಮುಂದೆ ಗಾಡಿಗಳ ಸಾಲು ನಿಲ್ಲುತ್ತೆ ಮೇಡಂ. ಬೈಕಿನವರು, ಬಾಟಲಿ ತರುವವರು, ಬಂಡೆ ಮೇಲೆ ಹೆಸರು ಗೀಚುವವರು. ಈಗ ಮರಿ ಕಟ್ಟಿಕೊಂಡ ಕರಡಿಗಳಿವೆ ಅಲ್ಲಿ. ಎಂಜಿನ್ ಸದ್ದು ಬಂದರೆ ಅವು ಜಾಗ ಬಿಟ್ಟು ಹೊಲಕ್ಕೆ ಇಳಿಯುತ್ತವೆ. ಆಮೇಲೆ ನಿಮ್ಮ ಅಕ್ಕನ ಊರಿನವರೇ ನನ್ನ ಮೇಲೆ ಜಗಳಕ್ಕೆ ಬರ್ತಾರೆ."

ಅವಳ ಮಾತಿನಲ್ಲಿ ಸುಳ್ಳಿರಲಿಲ್ಲ. ರಸ್ತೆ ಮಾಡಿಸಿ, ಮೆಟ್ಟಿಲು ಕಟ್ಟಿಸಿ ಎಂದು ಕೇಳಲು ನಾನೂ ಹೋಗಿರಲಿಲ್ಲ. ರಸ್ತೆ ಬಂದರೆ ಆ ಗುಡ್ಡ ಗುಡ್ಡವಾಗಿ ಉಳಿಯುವುದಿಲ್ಲ ಎಂಬುದು ನನಗೂ ಗೊತ್ತಿತ್ತು. ಆದರೆ ಎದ್ದು ಬರಲು ಮನಸ್ಸಾಗಲಿಲ್ಲ. ಊರುಗೋಲಿನ ಹಿಡಿಕೆ ತಿರುಗಿಸುತ್ತ ಕುಳಿತೆ. ಗೇಟಿನ ಬೋರ್ಡು ನೆನಪಾಯಿತು.

"ಮೇಡಂ, ಬೋರ್ಡಿನ ಮ್ಯಾಲ ಮೋಟಾರು ವಾಹನ ನಿಷೇಧ ಅಂತ ಬರದೀರಿ. ಎತ್ತಿನ ಬಂಡಿ ನಡೀತದೇನ್ರಿ?"

ಅವಳು ನಗಲಿಲ್ಲ. ಪೆನ್ನು ಕೆಳಗಿಟ್ಟಳು.

"ಬಂಡಿ ಯಾರದ್ದು?"

"ನಮ್ಮ ಅಕ್ಕಂದು."

"ಹೊಡೆಯೋರು?"

"ಅಕ್ಕನ ಹೊಡೀತಾಳ್ರಿ."

"ಎತ್ತು ಬಿಚ್ಚಿ ಮೇಯಿಸಬಾರದು. ಗುಡ್ಡದ ಬುಡದವರೆಗೆ ಮಾತ್ರ. ಬೆಳಿಗ್ಗೆ ಚೆನ್ನಾಗಿ ಬೆಳಕಾದ ಮೇಲೆ ಹೋಗಿ, ಬಿಸಿಲು ಏರೋ ಮೊದಲು ಹೊರಗೆ ಬರಬೇಕು. ಕಾವಲಿನವನು ಜೊತೆಗೆ ಇರ್ತಾನೆ."

ಅಕ್ಕನ ಪರವಾಗಿ ನಾನೇ ಎಲ್ಲದಕ್ಕೂ ಹೂಂ ಅಂದುಬಿಟ್ಟೆ. ಅಕ್ಕನಿಗೆ ಹೇಳಿದಾಗ ಅವಳು ಉರಿದುಬಿದ್ದಳು.

"ನನ್ನ ಆಡು ಹೊರಗ ಹಾಕಿದವ್ರ ಹಂತೇಲಿ ಹೋಗಿ ನನ್ನ ಎತ್ತಿಗೆ ಪರವಾನಗಿ ತಂದಿಯೇನಬೇ? ಯಾರನ್ನ ಕೇಳಿ ತಂದಿ?"

"ನಿನ್ನ ಕೇಳಿದ್ರ ನೀ ಬ್ಯಾಡ ಅಂತಿದ್ದಿ. ಅದಕ್ಕ ಕೇಳಲಿಲ್ಲ."

"ನಾ ಬರಂಗಿಲ್ಲ. ಹೋಗು, ನೀನ ಹೂಡ್ಕೊಂಡು ಹೋಗು."

ಮರುದಿನ ಎದ್ದು ಹೊರಗೆ ಬಂದು ನೋಡಿದರೆ ಅಂಗಳದಲ್ಲಿ ಬಂಡಿ ಹೂಡಿ ನಿಂತಿತ್ತು. ಒಳಗೆ ಜೋಳದ ಕಣಿಕೆ ಹಾಸಿ ಅದರ ಮೇಲೆ ದಪ್ಪ ಕೌದಿ ಹಾಸಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಾರುಕೋಲು ಹಿಡಿದು ನಿಂತಿದ್ದಳು.

"ಏನ್ ನೋಡ್ತಿ? ಜಲ್ದಿ ಹತ್ತು. ಬಿಸಲು ಏರೂದರಾಗ ಬರಬೇಕಂತಲ್ಲ."

ದೊಡ್ಡ ಗೇಟು ತೆರೆಯಿತು. ಕಾವಲಿನವನು ಮುಂದೆ ನಡೆದ, ಬಂಡಿ ಅವನ ಹಿಂದೆ ಗಡಗಡ ಅನ್ನುತ್ತ ಹೊರಟಿತು. ಅಕ್ಕ ಮೊದಮೊದಲು ಬಿಗಿದ ಮುಖದಲ್ಲೇ ಇದ್ದಳು. ಹುಲ್ಲು ಎತ್ತುಗಳ ಹೊಟ್ಟೆ ಮುಟ್ಟುವಷ್ಟು ಬೆಳೆದಿತ್ತು. ಕವಳಿ, ಸೀತಾಫಲ, ಬಾರಿ ಗಿಡಗಳು ಕಲ್ಲುಗಳ ಸಂದಿನಿಂದ ಮೇಲೆದ್ದು ಪೊದೆ ಕಟ್ಟಿದ್ದವು. ನವಿಲೊಂದು ನಮ್ಮ ಮುಂದೆಯೇ ದಾರಿ ದಾಟಿತು. ಅಕ್ಕ ಹಗ್ಗ ಸಡಿಲ ಬಿಟ್ಟು ಸುತ್ತ ನೋಡತೊಡಗಿದಳು.

"ಇಲ್ಲಿ ಕಲ್ಲ ಬಿಟ್ರ ಏನೂ ಇದ್ದಿಲ್ಲ," ಅಂದಳು, ನನಗೆ ಹೇಳಿದಳೋ ತನಗೇ ಹೇಳಿಕೊಂಡಳೋ. "ಆಡಿಗೆ ಹುಲ್ಲು ಹುಡುಕಿ ಹುಡುಕಿ ಸಾಕಾಗ್ತಿತ್ತು."

ಒಂದು ತಿರುವಿನಲ್ಲಿ ಎತ್ತುಗಳು ಗಕ್ಕನೆ ನಿಂತವು. ಮೂಗು ಅರಳಿಸಿ ಬುಸ್ ಅಂದವು, ಬಲಗಡೆಯದು ಹಿಂದಕ್ಕೆ ಸರಿಯಿತು. ಬಂಡಿ ವಾಲಿತು. ನಾನು ಗೂಟ ಹಿಡಿದುಕೊಂಡೆ. ಕಾವಲಿನವನು ಬಾಗಿ ನೋಡಿ ಹೇಳಿದ: "ಕರಡಿ ಲದ್ದಿ ರೀ. ಹಳೇದೈತಿ, ವಾಸನಿಗೆ ಬೆದರ್ಯಾವ." ತಿರುಗಿ ಹೋಗೋಣವೇ ಎಂದೂ ಕೇಳಿದ. ಅಕ್ಕ ನನ್ನ ಮುಖ ನೋಡಿದಳು. ನಾನು ಗೂಟ ಬಿಡದೆ ಕುಳಿತೇ ಇದ್ದೆ. ಅವಳು ಬಾರುಕೋಲು ಬಂಡಿಯೊಳಗೆ ಒಗೆದು ಕೆಳಕ್ಕೆ ಜಿಗಿದಳು. ಎತ್ತುಗಳ ಮುಂದೆ ನಿಂತು, ಎರಡರ ಕೊರಳಡಿ ಜೋಲುವ ಗಂಗೆದೊಗಲನ್ನೂ ಸವರಿ, ಅವುಗಳ ಜೊತೆ ಮಾತಾಡುತ್ತ, ಮೂಗುದಾರ ಹಿಡಿದು ನಡೆಸಿಕೊಂಡು ಹೊರಟಳು. ಬುಡದವರೆಗೂ ಮತ್ತೆ ಬಂಡಿ ಹತ್ತಲಿಲ್ಲ.

ಬುಡದಿಂದ ಮೇಲಕ್ಕೆ ಒಂದೇ ಇಳಿಜಾರು ಬಂಡೆ. ಕಾಲು ಗಟ್ಟಿ ಇದ್ದವರು ಓಡಿಯೇ ಹತ್ತುತ್ತಾರೆ. ನಾನು ಊರುಗೋಲು ಊರಿದೆ, ಜಾರಿತು. ಮತ್ತೆ ಊರಿದೆ, ಮತ್ತೆ ಜಾರಿತು. ಕೊನೆಗೆ ಎರಡನ್ನೂ ಕಾವಲಿನವನ ಕೈಗೆ ಕೊಟ್ಟು ಬಂಡೆಯ ಮೇಲೆ ಕುಳಿತೆ. ಗುಡ್ಡಕ್ಕೆ ಬೆನ್ನು ಮಾಡಿ, ಅಂಗೈ ಎರಡೂ ಹಿಂದಕ್ಕೆ ಊರಿ, ಬಲಗಾಲಿನಿಂದ ಒದ್ದು, ಮೈ ಎತ್ತಿ ಒಂದು ಗೇಣು ಹಿಂದಕ್ಕೆ ಸರಿದೆ. ಮತ್ತೆ ಒಂದು ಗೇಣು. ಕ್ಯಾಲಿಪರಿನ ಕಬ್ಬಿಣ ಕಲ್ಲಿಗೆ ಕರಕರ ಉಜ್ಜುತ್ತಿತ್ತು. ಅಕ್ಕ ಪಕ್ಕದಲ್ಲೇ ಬರುತ್ತಿದ್ದಳು.

"ಕೈ ಕೊಡ್ಲೇನು?"

"ಬ್ಯಾಡ."

"ಅಂಗೈ ಕೆತ್ಯಾವಲ್ಲೇ."

"ಇರಲಿ."

ಹೀಗೆ ಹತ್ತಿದರೆ ಒಂದು ಲಾಭವಿದೆ. ಮುಖ ಬಯಲಿನ ಕಡೆಗೇ ಇರುತ್ತದೆ. ಹೊಲಗಳು, ದೂರದ ಹಳ್ಳದ ಸಾಲು, ಕೆಳಗೆ ಕಾವಲಿನವನ ಕಣ್ಣೆದುರು ಬಂಡಿಗೆ ಹೂಡಿ ನಿಂತಿದ್ದ ಎತ್ತುಗಳು, ಎಲ್ಲವೂ ನಾನು ಏರಿದಂತೆ ಸಣ್ಣದಾಗುತ್ತ ಹೋದವು. ಮುಕ್ಕಾಲು ಪಾಲು ಹತ್ತಿದ ಮೇಲೆ ಬಂಡೆಯಲ್ಲಿ ಅಗಲವಾದ ಬಿರುಕು ಬಂತು. ಕೈ ಚಾಚಿ ನೋಡಿದೆ, ಆಚೆಯ ಅಂಚು ಸಿಗಲಿಲ್ಲ. ತುಸು ಹೊತ್ತು ಉಸಿರು ಎಳೆದುಕೊಂಡು ಕುಳಿತೆ.

"ಈಗ ಕೊಡು," ಅಂದೆ.

ಅಕ್ಕ ಬಿರುಕಿನ ಎರಡೂ ಕಡೆ ಕಾಲಿಟ್ಟು ನಿಂತು, ನನ್ನ ಕಂಕುಳಿಗೆ ಕೈ ಹಾಕಿ ಆಚೆ ದಾಟಿಸಿದಳು.

ಗೂಳಿಗಳು ನಾನು ಅಂದುಕೊಂಡಷ್ಟು ದೊಡ್ಡವಲ್ಲ. ಎಷ್ಟೋ ವರ್ಷದಿಂದ ಕೈ ಅಗಲಿಸಿ ಮಕ್ಕಳಿಗೆ ತೋರಿಸುತ್ತಿದ್ದೆ. ನಿಜದಲ್ಲಿ ಒಂದೊಂದು ನನ್ನ ಅಂಗೈಯಷ್ಟೇ ಇತ್ತು. ಉದ್ದನೆಯ ಬಾಗಿದ ಕೊಂಬು, ಬೆನ್ನ ಮೇಲೆ ಉಬ್ಬಿದ ಎತ್ತರದ ಇಣಿ, ಬೀಸುವ ಬಾಲ. ಅವುಗಳ ಹಿಂದೆ ಒಬ್ಬ ಮನುಷ್ಯ ಕೈ ಚಾಚಿ ನಿಂತಿದ್ದ, ಹೊಡೆದುಕೊಂಡು ಹೊರಟವನ ಹಾಗೆ. ನಾನು ಗೋಡೆಗೆ ಎದುರಾಗಿ ಕುಳಿತು ನೋಡಿದೆ. ಮುಟ್ಟಬೇಕೆನಿಸಿದರೂ ಮುಟ್ಟಲಿಲ್ಲ.

ಅಕ್ಕ ಚಿತ್ರದ ಕೆಳಭಾಗವನ್ನೇ ನೋಡುತ್ತಿದ್ದಳು. ಅಲ್ಲಿ ಕಲ್ಲು ಒಂದೇ ಎತ್ತರದಲ್ಲಿ ಉದ್ದಕ್ಕೂ ನುಣುಪಾಗಿ ಮಿಂಚುತ್ತಿತ್ತು. ಅದರ ಮೇಲಂಚಿನಲ್ಲಿ ಕಾಲಿಲ್ಲದ, ಹೊಟ್ಟೆಯಿಲ್ಲದ ಗೂಳಿಗಳ ಬೆನ್ನು ಮಾತ್ರ ಉಳಿದಿತ್ತು.

"ಮಧ್ಯಾಹ್ನದಾಗ ಆಡು ಇಲ್ಲೇ ನೆರಳಿಗೆ ನಿಲ್ತಿದ್ವು," ಅಂದಳು ಮೆಲ್ಲಗೆ. "ಕಲ್ಲಿಗೆ ಮೈ ತಿಕ್ಕತಿದ್ವು. ನಾನೂ ಇದಕ್ಕ ಬೆನ್ನು ಹಚ್ಚಿ ಕುಂತು ರೊಟ್ಟಿ ತಿಂತಿದ್ದೆ. ಇವು ಇಷ್ಟು ಹಳೇವು ಅಂತ ನಮಗ ಯಾರು ಹೇಳಿದ್ರು?"

"ಯಾರೂ ಹೇಳಲಿಲ್ಲ ಬಿಡಕ್ಕ."

"ಹೇಳಿದ್ರ ಕೇಳ್ತಿದ್ವಿ. ಸುಮ್ನ ತಂತಿ ಬಿಗದು ಹೋಗು ಅಂದ್ರು."

ಊರಿಗೆ ಮರಳಿದ ಮೇಲೆ ಈ ಮಾತನ್ನು ನಾನು ಹಾಗೆಯೇ ಫೋನಿನಲ್ಲಿ ಅಧಿಕಾರಿಗೆ ಹೇಳಿದೆ. ನಿಮ್ಮ ಅಕ್ಕ ವಾರಕ್ಕೊಮ್ಮೆ ಬಂಡಿ ಹೂಡಿಕೊಂಡು ಬರುತ್ತಾರಾ, ನಡೆಯಲಾಗದವರು ಕೇಳಿದಾಗ ಕಳಿಸುತ್ತೇನೆ ಅಂದಳು. ಅಕ್ಕ ನಾಲ್ಕು ದಿನ ಸತಾಯಿಸಿ ಒಪ್ಪಿದಳು. ಮೊದಲು ಬಂದವರು ಜವಳಗೇರಾದ ಮುದುಕರೊಬ್ಬರು, ಮೊಣಕಾಲು ನೋವಿನವರು. ಬುಡದಲ್ಲಿ ಕುಳಿತು ಗುಡ್ಡ ನೋಡಿದ್ದೇ ಸಾಕು ಅಂದರಂತೆ. ಈಗ ಬಂದವರಿಗೆಲ್ಲ ಅಕ್ಕ ದಾರಿಯುದ್ದಕ್ಕೂ ಕೈ ಎತ್ತಿ ಎಚ್ಚರಿಕೆ ಹೇಳುತ್ತಾಳೆ, ಗೂಳಿ ಮುಟ್ಟಿದರೆ ಬಂಡಿಯಿಂದ ಇಳಿಸಿ ನಡೆಸುತ್ತೇನೆ ಎಂದು.

ಆದರೆ ನನಗೆ ಆ ಸಂದಿನ ವಿಷಯ ಬಾಕಿ ಇತ್ತು. ಬಂಡಿ ಬಂದ ದಿನ ಮಾತ್ರ ದೊಡ್ಡ ಗೇಟು ತೆರೆಯುತ್ತದೆ. ಉಳಿದ ದಿನ ಊರುಗೋಲಿನವರು, ಗಾಲಿಕುರ್ಚಿಯವರು ಬೇಲಿಯ ಆಚೆಗೇ ನಿಲ್ಲಬೇಕು, ಒಳಗೆ ನಾಲ್ಕು ಹೆಜ್ಜೆ ಹೋಗಿ ನೆರಳಿಗೆ ಕೂರಲೂ ಆಗದು. ಮತ್ತೆ ಲಿಂಗಸುಗೂರಿಗೆ ಓಡಾಡಿದೆ. ಬೇಸಿಗೆಯಲ್ಲಿ ಕಂಬ ಕಿತ್ತು ಬೇರೆ ರೀತಿ ನೆಡುತ್ತಿದ್ದಾರೆ ಎಂದು ಸುದ್ದಿ ಬಂತು. ರಜೆ ಹಾಕಿ ಹೋದೆ. ಕಾವಲಿನವನೂ ಇಬ್ಬರು ಕೂಲಿಯವರೂ ಬೆವರಿನಲ್ಲಿ ತೋಯ್ದುಹೋಗಿದ್ದರು. ಹೊಸ ದಾರಿ ನೇರವಾಗಿತ್ತು, ದನ ತಡೆಯಲು ತಾನೇ ಮುಚ್ಚಿಕೊಳ್ಳುವ ಒಂದು ಹಲಗೆ ಬಾಗಿಲು.

"ನೋಡ್ರಿ ಮೇಡಂ, ಪಸಂದಾಗೈತಲ್ರಿ?"

ಊರುಗೋಲು ಊರಿ ಒಳಗೆ ಹೋದೆ. ನಾನು ದಾಟಿದೆ. ಬಲಗಡೆಯ ಊರುಗೋಲು ಮಾತ್ರ ಕಂಬಕ್ಕೆ ಒಮ್ಮೆ ಬಡಿಯಿತು. ಗಾಲಿಕುರ್ಚಿ ಬಂದರೆ ಗಾಲಿ ತಿರುಗಿಸುವ ಕೈಯ ಬೆರಳು ಜಜ್ಜುತ್ತದೆ.

"ಇನ್ನೊಂದಿಷ್ಟು ಅಗಲ ಬೇಕಣ್ಣ."

"ಮೇಡಂ, ಕಂಬದ ಬುಡಕ್ಕ ಕಾಂಕ್ರೀಟ್ ಸುರದಾಗೈತ್ರಿ!"

"ಇನ್ನೂ ಹಸೀ ಐತಲ್ಲ. ತಗೀರಿ."

ಅವನು ನನ್ನ ಮುಖ ನೋಡಿದ, ಕಂಬ ನೋಡಿದ. ತಲೆಯ ಟವೆಲು ಬಿಚ್ಚಿ ಮುಖ ಒರೆಸಿಕೊಂಡು ಕೂಲಿಯವರನ್ನು ಕರೆದ. ಮೂವರೂ ಸೇರಿ ಆ ಕಲ್ಲಿಗೆ ಹೆಗಲು ಕೊಟ್ಟರು. ಕಂಬ ಸರಿದು ಮತ್ತೆ ಗಟ್ಟಿಯಾಗಿ ನಿಲ್ಲುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.