ಕೊಟ್ಟದ್ದನ್ನು ನನ್ನದೆಂದು ಬರೆಸಿದ ದಿನ

ಕಳೆದ ವರ್ಷ ಆದಾಯ ತೆರಿಗೆಯ ರಿಟರ್ನ್ ಸಲ್ಲಿಸಲು ಮಾವನ ಜೊತೆ ಪುತ್ತೂರಿಗೆ ಹೋಗಿಬಂದ ಮೇಲೆ, ಲಾರಿಯ ಹಾರ್ನ್ ಕೇಳಿದರೆ ನನ್ನ ಕೈ ತಾನಾಗಿ ಏನನ್ನಾದರೂ ಹಿಡಿದುಕೊಳ್ಳುತ್ತದೆ.

ಸೋದರಮಾವನಿಗೆ ಕಬಕದಲ್ಲಿ ಬಾಡಿಗೆಗೆ ಕೊಟ್ಟ ಒಂದು ಕಟ್ಟಡವಿತ್ತು. ಅವರಿಗೆ ಮಕ್ಕಳಿಲ್ಲ. ಹುಟ್ಟಿನಿಂದ ಕಿವಿ ಕೇಳದ, ಮಾತು ಬಾರದ ತಂಗಿ, ಅಂದರೆ ನನ್ನ ಚಿಕ್ಕಮ್ಮ, ತಮ್ಮ ನಂತರ ಹೊಟ್ಟೆಪಾಡಿಗೆ ಯಾರ ಮುಖವನ್ನೂ ನೋಡುವಂತಾಗಬಾರದೆಂದು, ಬಾಡಿಗೆ ಅವಳ ಖರ್ಚಿಗೆ ಹೋಗುವಂತೆ ಅದನ್ನು ಒಂದು ಟ್ರಸ್ಟಿಗೆ ಬರೆದರು. ವಕೀಲರು ಜಾಗ್ರತೆಗೆಂದು ಒಂದು ಷರತ್ತು ಸೇರಿಸಿದ್ದರು: ಬದುಕಿರುವವರೆಗೆ ಮಾವ ಬೇಕೆಂದಾಗ ಕಟ್ಟಡವನ್ನು ಹಿಂದಕ್ಕೆ ಪಡೆಯಬಹುದು. ಮಾವ ಅದಕ್ಕೆ ತಲೆ ಕೆಡಿಸಿಕೊಳ್ಳಲಿಲ್ಲ. ಪತ್ರ ನೋಂದಣಿಯಾದ ದಿನ ಮರ್ಕಂಜದ ಕುಟುಂಬದ ಮನೆಯಲ್ಲಿ ದೈವದ ಮುಂದೆ ತೆಂಗಿನಕಾಯಿ ಇಟ್ಟು, ಇನ್ನು ಅದು ನನ್ನದಲ್ಲ ಎಂದು ಪ್ರಾರ್ಥನೆ ಮಾಡಿಬಿಟ್ಟರು. ಹಾಗೆ ನುಡಿದ ಮೇಲೆ ನಮ್ಮ ಕಡೆ ಹಿಂದೆ ಹೋಗುವ ದಾರಿಯಿಲ್ಲ.

ಆಡಿಟರ್ ಪತ್ರವನ್ನು ಓದಿ, "ಬಾಡಿಗೆಯನ್ನು ನಿಮ್ಮ ಆದಾಯ ಅಂತಲೇ ತೋರಿಸ್ಬೇಕು. ವಾಪಸ್ ತೆಗೊಳ್ಳುವ ಹಕ್ಕು ಇರುವವರೆಗೆ ಕಾನೂನಿಗೆ ಅದು ನಿಮ್ಮದೇ," ಎಂದರು.

"ನನ್ನದಲ್ಲ ಅಂತ ದೈವದ ಹತ್ರ ಹೇಳಿ ಆಗಿದೆ."

"ದೈವಕ್ಕೆ ಪ್ಯಾನ್ ಕಾರ್ಡ್ ಇಲ್ಲ ಮಾರಾಯ್ರೆ, ನಿಮಗೆ ಉಂಟು."

ಮಾವ ನಗಲಿಲ್ಲ. ನನ್ನ ಕಡೆ ತಿರುಗಿ, "ನಿನ್ನ ಬಿಕಾಂ ಎಂತ ಹೇಳ್ತದೆ?" ಎಂದು ಕೇಳಿದರು.

"ಅವರು ಹೇಳುದು ಸರಿ ಮಾವ."

 ಮಾವ ಮೊಬೈಲಿಗೆ ಬಂದ ಒಟಿಪಿಯನ್ನು ಒಂದೊಂದೇ ಅಂಕೆಯಾಗಿ, ಬೇರೆ ಯಾರಿಗೂ ಕೇಳಿಸಬಾರದು ಎಂಬಂತೆ ಹೇಳಿದರು. ರಿಟರ್ನ್ ಹೋಯಿತು.

ವಾಪಸು ಬರುವಾಗ ಕಾರು ಓಡಿಸುತ್ತಿದ್ದದ್ದು ಮಾವನೇ. ಸುಳ್ಯದ ದಾರಿಯಲ್ಲಿ ರಸ್ತೆಗೆ ತಾಗಿಯೇ ಒಂದು ದೈವಸ್ಥಾನವಿದೆ. ಅದರ ಎದುರು ಹಾದುಹೋಗುವವರು ಒಂದು ಕೈಯನ್ನು ಸ್ಟೇರಿಂಗಿನ ಮೇಲೇ ಇಟ್ಟು, ಇನ್ನೊಂದರಿಂದ ಎದೆ ಮುಟ್ಟಿಕೊಳ್ಳುತ್ತಾರೆ. ಆ ದಿನ ಮಾವ ಎರಡೂ ಕೈ ಜೋಡಿಸಿ ಕಣ್ಣು ಮುಚ್ಚಿದರು.

ತಿರುವಿನಲ್ಲಿ ಹಾರ್ನ್ ಹಾಕುತ್ತಾ ಲಾರಿ ಬಂತು. ನಾನು ಸ್ಟೇರಿಂಗನ್ನು ಎಡಕ್ಕೆ ಎಳೆದೆ. ಮಾವನ ಬದಿಯ ಕನ್ನಡಿ ಕಿತ್ತುಹೋಯಿತು. ಕಾರು ರಸ್ತೆಬದಿಯ ಮಣ್ಣಿನ ಬರೆಯ ಗೋಡೆಗೆ ಉಜ್ಜಿ ನಿಂತಿತು.

"ಎಂತ ಮಾವ ಇದು?"

"ತಪ್ಪಾಯ್ತು ಅಂತ ಹೇಳ್ಲಿಕ್ಕೆ ಒಂದು ಕೈ ಸಾಕಾಗ್ತದಾ ಮಗಾ?"

ನಾನು ಎಳೆಯದೇ ಇದ್ದಿದ್ದರೆ ಎಂದು ಈಗಲೂ ಯೋಚಿಸುತ್ತೇನೆ. ನಾವಿಬ್ಬರೂ ಇಲ್ಲವೆಂದು ಚಿಕ್ಕಮ್ಮನಿಗೆ ಯಾರು, ಹೇಗೆ ತಿಳಿಸುತ್ತಿದ್ದರು? ಅವಳ ಕೈಸನ್ನೆ ಅರ್ಥವಾಗುವುದು ನಮ್ಮಿಬ್ಬರಿಗೆ ಮಾತ್ರ.

ಈ ವರ್ಷ ರಿಟರ್ನಿನ ಸಮಯ ಬರುವ ಮೊದಲೇ ಮಾವ ಕಟ್ಟಡ ವಾಪಸ್ ಪಡೆಯುವ ಆ ಹಕ್ಕನ್ನು ಬಿಟ್ಟುಕೊಡುವ ಪತ್ರ ಮಾಡಿಸಿದರು.

"ನಾಳೆ ನೀವೇ ಹಾಸಿಗೆ ಹಿಡಿದ್ರೆ? ಕಟ್ಟಡದ ಒಂದು ಹಂಚೂ ವಾಪಸ್ ಸಿಗುದಿಲ್ಲ," ಎಂದು ಆಡಿಟರ್ ಎಚ್ಚರಿಸಿದರು.

"ಸಿಗುದು ಬೇಡ ಅಂತಲೇ ಬಂದದ್ದು."

ಸಹಿ ಹಾಕಿ ಹೊರಬಂದವರು ಕಾರಿನಲ್ಲಿ ಕೂತ ಕೂಡಲೇ ನಿದ್ದೆಹೋದರು. ಅವರು ಅಷ್ಟು ಗಾಢವಾಗಿ ಮಲಗಿದ್ದನ್ನು ನಾನು ವರ್ಷದಿಂದ ನೋಡಿರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು, ವಯಸ್ಸಾದದ್ದು ಕಾಣುತ್ತಿತ್ತು. ನಿಧಾನವಾಗಿ ಕಾರು ಓಡಿಸುತ್ತಾ, ಇನ್ನು ಇವರಿಗೇನಾದರೂ ಆದರೆ ಹಿಡಿದುಕೊಳ್ಳಲು ಇವರದೆನ್ನುವುದು ಏನೂ ಇಲ್ಲವಲ್ಲ ಎಂದುಕೊಂಡೆ.