ದೇಯಿಗೆ ಹಾಕದ ಎಲೆ

ಶಾಲಿನಿ, ನಿನ್ನಮ್ಮ ಕಾಯುತ್ತಿದ್ದ ಸುದ್ದಿ ನನಗೆ ಸಿಕ್ಕಿತ್ತು. ಸಿಗಲಿಲ್ಲ ಎಂದು ಸುಳ್ಳು ಹೇಳಿದೆ — ಹೊಟ್ಟೆಕಿಚ್ಚಿನಿಂದ.

ನಾವಿಬ್ಬರೂ ಕೊಚ್ಚಿಯ ಕಾಕ್ಕನಾಡಿನ ಒಂದೇ ಆಫೀಸಿನಲ್ಲಿದ್ದ ದಿನಗಳು, 2006ರ ಸುಮಾರು. ನಿನ್ನಮ್ಮನ ಅಜ್ಜಿ ದೇಯಿ, ಬ್ರಿಟಿಷರ ಕಾಲದಲ್ಲಿ, ಎಳೆಯ ಮಗಳನ್ನು ಮಂಗಳೂರಿನ ಮನೆಯಲ್ಲೇ ಬಿಟ್ಟು ಒಬ್ಬ ದೊರೆಯ ಮಕ್ಕಳಿಗೆ ಆಯಾ ಆಗಿ ಕೊಚ್ಚಿಗೆ ಹೋದವಳು, ಮತ್ತೆ ಸುದ್ದಿಯಿಲ್ಲ. ನಿಮ್ಮಲ್ಲಿ ವರ್ಷಕ್ಕೊಮ್ಮೆ ತೀರಿಹೋದವರಿಗೆಲ್ಲ ಬಾಳೆಎಲೆ ಹಾಕಿ ಅಗೆಲು, ಅಂದರೆ ಹಿರಿಯರ ಎಡೆ, ಬಡಿಸುತ್ತಾರೆ. ಸತ್ತ ಸುದ್ದಿ ಬಾರದವರಿಗೆ ಮಾತ್ರ ಎಲೆಯಿಲ್ಲ — ಅದು ನಿಮ್ಮ ಮನೆಯ ಕಟ್ಟು. "ಅಜ್ಜಿ ಹಸಿದುಕೊಂಡೇ ಇದ್ದಾಳೆ ಅಂತ ಅಮ್ಮ ಪ್ರತಿ ವರ್ಷ ಅಳ್ತಾಳೆ ಮಾರಾಯ್ತಿ," ಎನ್ನುತ್ತಿದ್ದೆ ನೀನು. ಫೋರ್ಟ್ ಕೊಚ್ಚಿಯಲ್ಲಿ ಮನೆಮನೆ ವಿಚಾರಿಸಿ, ದೊರೆಯ ಸಂಸಾರ ತಿರುವನಂತಪುರದ ಪಾಳಯಂಗೆ ಹೋಯಿತೆಂದು ನೀನೇ ಪತ್ತೆ ಮಾಡಿದೆ. ನನ್ನ ಗಂಡನಿಗೆ ಆ ಊರಲ್ಲೇ ಕೆಲಸ, ವಾರವಾರ ರೈಲು ಹತ್ತುವವಳು ನಾನು. ಒಮ್ಮೆ ಕೇಳಿ ನೋಡು ಎಂದು ನೀನು ಗೋಗರೆದೆ.

ಕೇಳಿದೆ. ಸರಸಮ್ಮ ಸಿಕ್ಕಳು — ದೇಯಿ ಅಲ್ಲಿ ಮತ್ತೆ ಮದುವೆಯಾಗಿ ಹೆತ್ತ ಮಗನ ಮಗಳು. ದೇಯಿ ಮುದುಕಿಯಾಗಿ ಅದೇ ಮನೆಯಲ್ಲಿ ತೀರಿಕೊಂಡಿದ್ದಳು. ಊರಿನವರು ಯಾರಾದರೂ ಬಂದರೇ ಎಂದು ಕೊನೆತನಕ ಬಾಗಿಲು ನೋಡುತ್ತಿದ್ದಳಂತೆ. ನನಗೆ ದೇಯಿಯ ಮಂಗಳೂರಿನ ಮನೆಯವರ ಪರಿಚಯವಿದೆ ಎಂದಾಗ ಸರಸಮ್ಮ ಕೈ ಹಿಡಿದುಕೊಂಡಳು: "ಅಮ್ಮೂಮ್ಮಯೆ ಅವರ್ ಓರ್ಕ್ಕುನ್ನುಂಡೋ ಮೋಳೇ?" ಅಜ್ಜಿಯ ನೆನಪು ಅವರಿಗೆ ಇದೆಯೇ ಎಂದು.

"ಇಲ್ಲ," ಎಂದೆ.

ಯಾಕೆ ಹಾಗೆಂದೆ — ಥೂ! ನಾನೂ ಮನೆ ಬಿಟ್ಟು ಬಂದವಳೇ. ಜಾತಿ ಬಿಟ್ಟು ಮದುವೆಯಾದೆನೆಂದು ಮೈಸೂರಿನಿಂದ ಒಂದು ಫೋನಿಲ್ಲ. ಊಟವಾಯಿತೇ ಎಂದು ಹೆತ್ತವಳೂ ಕೇಳಲಿಲ್ಲ. ಎಂದೋ ಹೋದ ಆಯಾಳ ಹಸಿವಿಗೆ ನಿಮ್ಮ ಮನೆಯಲ್ಲಿ ಅಳುತ್ತಾರೆ, ಬದುಕಿರುವ ನನಗೆ... ಮೈಯೆಲ್ಲ ಉರಿಯಿತು. ನಿನಗೂ ಸುಳ್ಳೇ ಹೇಳಿದೆ: "ಅಲ್ಲಿ ಯಾರೂ ಇಲ್ಲ ಕಣೇ, ಬಿಟ್ಟುಬಿಡು." ನಿನ್ನ ಮುಖ ಬಾಡಿತು, ನನಗೆ ಸಮಾಧಾನವಾಯಿತು. ಅದನ್ನೂ ಮುಚ್ಚಿಡುವುದಿಲ್ಲ.

ಮರುವರ್ಷ ನಿನ್ನಮ್ಮ ಹೋದರು. ಅವರಿಗೆ ಮೊದಲ ಎಲೆ ಹಾಕಿ ಬಂದ ನೀನು, ಮನೆಯಿಂದ ಕಟ್ಟಿ ತಂದ ರೊಟ್ಟಿ, ಕೋಳಿ ಸುಕ್ಕ ನನ್ನ ಮೇಜಿನ ಮೇಲಿಟ್ಟು ಕೇಳಿದೆ: "ಊಟ ಆಯ್ತಾ ನಿಂದು?" ಆಗಲಾದರೂ ಬಾಯಿಬಿಡಬಹುದಿತ್ತು. ತಲೆ ತಗ್ಗಿಸಿ ತಿಂದೆ.

ಹೋದ ತಿಂಗಳು ಪಾಳಯಂಗೆ ಹೋದೆ. ಬಾಗಿಲಿಗೆ ಬೀಗ. ಸರಸಮ್ಮನೂ ತೀರಿಹೋದಳಂತೆ — ನಿಮಗೆ ನೆನಪಿಲ್ಲವೆಂದೇ ನಂಬಿಕೊಂಡು.

ಈ ಸಲ ದೇಯಿಗೆ ಎಲೆ ಹಾಕು, ಶಾಲಿನಿ. ಪಕ್ಕದಲ್ಲಿ ಸರಸಮ್ಮನಿಗೂ ಒಂದು.