ಸೀಲಿಲ್ಲದ ಕಾಗದಗಳು

ನಮ್ಮ ಅಡುಗೆಮನೆಯಲ್ಲಿ ಮೊನ್ನೆಯವರೆಗೂ ತೊಗರಿಬೇಳೆ ತುಂಬಿದ್ದ ಹಳೆಯ ಹಾಲುಪುಡಿಯ ಡಬ್ಬಿಯೊಂದಿದೆ; ಮುಚ್ಚಳ ತುಸು ನೆಗ್ಗಿದೆ, ಹಸಿರು ಬಣ್ಣ ಅಲ್ಲಲ್ಲಿ ಎದ್ದಿದೆ. ಇಲ್ಲೇ ಗಲ್ಫಿನಲ್ಲಿ, ರಾಸ್ ಅಲ್ ಖೋರ್‌ನ ಗ್ಯಾರೇಜಿನಲ್ಲಿ ಇಪ್ಪತ್ತು ವರ್ಷಕ್ಕೂ ಮಿಕ್ಕಿ ದುಡಿದ ನನ್ನ ಅಪ್ಪ, ಊರಿನಿಂದ ಅಮ್ಮ ಬರೆದ ಕಾಗದಗಳನ್ನೆಲ್ಲ ಅದರಲ್ಲೇ ಇಟ್ಟುಕೊಂಡಿದ್ದರು. ಅವರು ತೀರಿಕೊಂಡ ಮೇಲೆ ಅದು ನನ್ನ ಪಾಲಿಗೆ ಬಂತು. ಈಗ ಡಬ್ಬಿ ಇದೆ, ಕಾಗದಗಳಿಲ್ಲ. ನಿಮಗೆ ಇದನ್ನು ಹೇಳುವಾಗಲೂ ಮೈ ಉರಿಯುತ್ತದೆ.

ಈ ಉರಿಯನ್ನು ಹೊತ್ತಿಸಿದವನು, ನೀವು ನಂಬಲಿಕ್ಕಿಲ್ಲ, ಅಮೆರಿಕ ಎಂಬ ದೇಶ ಆಗಷ್ಟೇ ಕಣ್ಣುಬಿಡುತ್ತಿದ್ದ ಕಾಲದ ಒಬ್ಬ ರಾಜಕಾರಣಿ. ಇಲ್ಲಿನ ಅಲ್ ಬರ್ಷಾದ ಕಚೇರಿಯಲ್ಲಿ ಕೂತು ಅವನ ಮನೆತನದ ಕಾಗದಪತ್ರಗಳ ಚಿತ್ರಗಳನ್ನು ನೋಡಿ, ಬರೆದವರು ಯಾರು, ಯಾರಿಗೆ, ಏನು ವಿಷಯ ಎಂದು ಪಟ್ಟಿ ಮಾಡುವುದು ನನ್ನ ಕೆಲಸ. ಅಮೆರಿಕದ ಗ್ರಂಥಾಲಯವೊಂದು ಅವನ್ನು ತಂಪು ಕೋಣೆಯಲ್ಲಿಟ್ಟು ಎಳೆಗೂಸಿನಂತೆ ಸಾಕುತ್ತಿದೆ. ಮಹಾಶಯನ ಭಾಷಣಗಳಿರಲಿ, ಕೋಟಿನ ಗುಂಡಿ ಸಡಿಲವಾಯಿತೆಂದು ದರ್ಜಿಯನ್ನು ಬೈದ ಚೀಟಿ, ಹೆಂಡತಿಯ ಹಲ್ಲುನೋವು, ನಾದಿನಿ ಕಳಿಸಿದ ಚೀಸು ಹಳಸಿದ ದೂರು, ಎಲ್ಲಕ್ಕೂ ಒಂದೊಂದು ಸಂಖ್ಯೆ! ಸ್ವಾತಂತ್ರ್ಯದ ಬಗ್ಗೆ ಪುಟಗಟ್ಟಲೆ ಬರೆದವನ ಆ ಮನೆಯಲ್ಲಿ ಬೇಯಿಸಿದ, ಒಗೆದ ಗುಲಾಮರಿಗೆ ಮಾತ್ರ ಬರಿಯ ಒಂದೊಂದು ಹೆಸರು, ಅದೂ ಕುದುರೆಗಳ ಹೆಸರಿನ ಕೆಳಗೆ. ಅವರ ಕೈಬರಹದ ಒಂದು ಸಾಲೂ ಇಲ್ಲ. ಯಾರ ಹಲ್ಲುನೋವು ಚರಿತ್ರೆ, ಯಾರದು ಕಸ ಎಂದು ತೀರ್ಮಾನಿಸಿದ ಪುಣ್ಯಾತ್ಮರು ಯಾರು ಎಂದು ಮನಸಾರೆ ಬೈದುಕೊಂಡೇ ಅಂದು ಮನೆಗೆ ಬಂದೆ. ಸಾರಿಗೆಂದು ಡಬ್ಬಿಯ ಮುಚ್ಚಳ ತೆಗೆದಾಗ ಉತ್ತರ ಸಿಕ್ಕಿತು.

ಕಳೆದ ವರ್ಷ ಬನಿಯಾಸ್‌ನಿಂದ ಇಲ್ಲಿಗೆ ಮನೆ ಬದಲಿಸಿದೆವು. ಗಲ್ಫಿನ ನಮಗೆ ಕಾಗದವೆಂದರೆ ಸೀಲು. ಅಟೆಸ್ಟೇಷನ್ ಆದ ಡಿಗ್ರಿ, ಮದುವೆಯ ಸರ್ಟಿಫಿಕೇಟುಗಳನ್ನು ಲಕೋಟೆಯೊಳಗೆ ಲಕೋಟೆಯಿಟ್ಟು ಎದೆಗವಚಿಕೊಂಡು ಸಾಗಿಸುತ್ತೇವೆ, ಉಳಿದದ್ದು ರದ್ದಿ. ಗಂಡ ಡಬ್ಬಿ ನೋಡಿ, "ಸೀಲ್ ಉಂಟಾ ಇದ್ರಲ್ಲಿ? ಇಲ್ಲ ಅಲ್ವಾ? ಖಲಾಸ್, ಬಿಡು ಮಾರಾಯ್ತಿ" ಎಂದರು. ಈಗ ಅವರ ಮೇಲೆ ಎಷ್ಟು ಕೂಗಾಡಿದರೇನು? ಡಬ್ಬಿ ಗಟ್ಟಿಯಿದೆ, ಬೇಳೆಗಾಯಿತು ಎಂದವಳು ನಾನು. ಕಾಗದಗಳನ್ನು ಕಸದ ಕಪ್ಪು ಚೀಲಕ್ಕೆ ಸುರಿದ ಕೈಯೂ ನನ್ನದೇ.

ಮೊನ್ನೆ ಪುತ್ತೂರಿನಿಂದ ಅಮ್ಮನ ಫೋನು. ಮುಂದಿನ ತಿಂಗಳು ವಿಸಿಟ್ ವೀಸಾದಲ್ಲಿ ಬರುತ್ತಾಳೆ.

"ಅಪ್ಪನ ಡಬ್ಬಿ ತೆಗ್ದಿಡು ಮಗಾ. ನಾನು ಬರ್ದದ್ದು ನಂಗೆ ನೆನ್ಪುಂಟು. ಅಪ್ಪ ಎಲ್ಲೆಲ್ಲಿ ಎರಡು ಗೆರೆ ಎಳ್ದಿದ್ರು, ಅದನ್ನು ನೋಡ್ಬೇಕು."

ಶುಕ್ರವಾರ ಗ್ಯಾರೇಜಿಗೆ ರಜೆ. ಅಂದು ಅಪ್ಪ ಕೆಂಪು ಪೆನ್ಸಿಲ್ ಹಿಡಿದು ಅಮ್ಮನ ಕಾಗದ ಓದುತ್ತಿದ್ದರಂತೆ. ಉತ್ತರ ಬರೆಯಬೇಕಾದ ಮಾತಿಗೆ ಒಂದು ಗೆರೆ, ಮನಸ್ಸಿಗೆ ತಾಗಿದ ಮಾತಿಗೆ ಎರಡು. ಇದು ನನಗೆ ಗೊತ್ತೇ ಇರಲಿಲ್ಲ. ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಟ್ಟೆ. ಅಮ್ಮ ಒಂದೇ ಮಾತು ಕೇಳಿದಳು.

"ಡಬ್ಬಿಯಲ್ಲಿ ಈಗ ಎಂತ ಉಂಟು?"

"ತೊಗರಿಬೇಳೆ."

"ತೆಗಿ ಅದನ್ನು" ಎಂದು ಫೋನಿಟ್ಟಳು.

ಬೇಳೆ ತೆಗೆದೆ. ಡಬ್ಬಿಯನ್ನು ಒರೆಸಿ ಎದುರಿಗಿಟ್ಟುಕೊಂಡು, ನನಗೆ ಗೊತ್ತಿರುವ ವಿದ್ಯೆ ಅದೊಂದೇ ಎಂಬಂತೆ ಚೀಟಿಯೊಂದರ ಮೇಲೆ ಬರೆಯತೊಡಗಿದೆ. ಬರೆದವರು: ಅಮ್ಮ. ಯಾರಿಗೆ: ಅಪ್ಪನಿಗೆ. ಶಾಯಿ: ನೀಲಿ. ಗೆರೆ: ಕೆಂಪು. ವಿಷಯ ಎಂಬಲ್ಲಿ ಕೈ ನಿಂತಿತು. ಆ ರಾಜಕಾರಣಿಯ ಹೆಂಡತಿಗೆ ನೋಯುತ್ತಿದ್ದದ್ದು ಎಡಗಡೆಯ ದವಡೆಹಲ್ಲು ಎಂದು ನಿದ್ದೆಗಣ್ಣಲ್ಲೂ ಹೇಳಬಲ್ಲೆ. ಅಮ್ಮನ ಕಾಗದಗಳಲ್ಲಿ ಒಂದನ್ನೂ ನಾನು ಓದಿರಲಿಲ್ಲ.

ಆ ಜಾಗವನ್ನು ಖಾಲಿಯೇ ಬಿಟ್ಟು, ಚೀಟಿಯನ್ನು ಡಬ್ಬಿಯಲ್ಲಿಟ್ಟು ಮುಚ್ಚಿದ್ದೇನೆ.